ಒಂದು ರಾಗಿ ಕಾಳಿನ ತೂಕದ ಸೀಸ: ಬ್ಯಾಟರಿ ಕೆಲಸಗಾರರ ಮೈಯೊಳಗೆ ನಡೆಯುವುದೇನು?

ಮನೆಯ ಯುಪಿಎಸ್ ಬ್ಯಾಟರಿಯ ಆಯುಷ್ಯ ಮುಗಿದಾಗ ಅಂಗಡಿಯವರು ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡಿ, ಹಳೆಯದನ್ನು ತಾವೇ ಹೊತ್ತುಕೊಂಡು ಹೋಗುತ್ತಾರೆ. ಕೆಟ್ಟ ಮಿಕ್ಸಿಗಾಗಲಿ ಹಳೆಯ ಟಿ.ವಿ.ಗಾಗಲಿ ಇಲ್ಲದ ಈ ಮರ್ಯಾದೆ ಸತ್ತ ಬ್ಯಾಟರಿಗೆ ಇರುವುದು ಅದರ ಹೊಟ್ಟೆಯಲ್ಲಿರುವ ಸೀಸದಿಂದ. ಕಾರಿನದಾಗಲಿ, ಟ್ರ್ಯಾಕ್ಟರಿನದಾಗಲಿ, ಮನೆಯ ಯುಪಿಎಸ್‌ನದಾಗಲಿ, ಆಸಿಡ್ ತುಂಬುವ ಜಾತಿಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ ಮತ್ತು ಸೀಸದ ಸಂಯುಕ್ತಗಳದ್ದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ ರೂಪಿಸಿದ ಈ ಬ್ಯಾಟರಿಯ ಮೂಲತತ್ವ ಇಂದಿಗೂ ಬದಲಾಗಿಲ್ಲ, ಮತ್ತು ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ಇದಕ್ಕೇ ಹೋಗುತ್ತದೆ. ಸೀಸವನ್ನು ಎಷ್ಟು ಸಲ ಕರಗಿಸಿ ಎರಕ ಹೊಯ್ದರೂ ಗುಣ ಕೆಡುವುದಿಲ್ಲವಾದ್ದರಿಂದ ಹಳೆಯ ಬ್ಯಾಟರಿ ಗುಜರಿಯಲ್ಲಿ ಬಿದ್ದಿರುವುದಿಲ್ಲ. ಯಾರದೋ ಕೈಯಲ್ಲಿ ಒಡೆದು, ಯಾರದೋ ಕುಲುಮೆಯಲ್ಲಿ ಕರಗಿ, ಮತ್ತೆ ಬ್ಯಾಟರಿಯಾಗುತ್ತದೆ. ಹೀಗೆ ಒಡೆಯುವ ಮತ್ತು ಕರಗಿಸುವ ಕೆಲಸ ಮಾಡುವವರ ಆರೋಗ್ಯವೇ ಈ ಲೇಖನದ ವಿಷಯ.

ಬ್ಯಾಟರಿಗೆ ಮರುಜೀವ ಕೊಡುವ ಸಣ್ಣ ಅಂಗಡಿಯಲ್ಲಿ ಒಂದು ಗಂಟೆ ನಿಂತು ನೋಡಿದರೆ ವಿಷಯದ ಅರ್ಧ ಭಾಗ ಅರ್ಥವಾಗುತ್ತದೆ. ಮೊದಲು ಆಸಿಡ್ ಬಗ್ಗಿಸಿ, ಮುಚ್ಚಳವನ್ನು ಕಾಯಿಸಿ ಅಥವಾ ಗರಗಸದಿಂದ ಕೊಯ್ದು ತೆಗೆಯುತ್ತಾರೆ. ಒಳಗಿನ ಪ್ಲೇಟುಗಳ ಕಟ್ಟನ್ನು ಇಕ್ಕಳದಿಂದ ಎಳೆದು ನೆಲಕ್ಕೆ ಕುಕ್ಕಿದಾಗ ಕಡುಗಂದು ಬಣ್ಣದ ಕೆಸರು ಉದುರುತ್ತದೆ. ಅದು ಸೀಸದ ಆಕ್ಸೈಡ್. ಪಕ್ಕದ ಒಲೆಯ ಮೇಲಿನ ಕಬ್ಬಿಣದ ಪಾತ್ರೆಯಲ್ಲಿ ಸೀಸ ಕರಗುತ್ತಿರುತ್ತದೆ. ಮೇಲೆ ಕಟ್ಟುವ ಕಿಟ್ಟವನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ, ಬೆಳ್ಳಿಯಂತೆ ಹೊಳೆಯುವ ದ್ರವವನ್ನು ಅಚ್ಚಿಗೆ ಹೊಯ್ದು ಪ್ಲೇಟುಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆಸರು ಒಣಗಿ ಪುಡಿಯಾಗಿರುತ್ತದೆ, ಸಂಜೆ ಅದನ್ನು ಪೊರಕೆಯಿಂದ ಗುಡಿಸುತ್ತಾರೆ. ಇಷ್ಟು ಹೊತ್ತೂ ಕೆಲಸಗಾರರು ಎಚ್ಚರ ವಹಿಸುವುದು ಆಸಿಡ್ ಬಗ್ಗೆ ಮಾತ್ರ. ಆಸಿಡ್ ಬಿದ್ದ ಕಡೆ ಚರ್ಮ ಉರಿಯುತ್ತದೆ, ಪ್ಯಾಂಟು ತೂತಾಗುತ್ತದೆ, ಕಣ್ಣು ಚುರುಗುಟ್ಟುತ್ತದೆ. ಸೀಸಕ್ಕೆ ವಾಸನೆಯಿಲ್ಲ, ಉರಿಯಿಲ್ಲ, ಗಂಟಲಿಗೆ ಕೆರೆತವಿಲ್ಲ. ಮುನ್ಸೂಚನೆ ಕೊಡುವ ಯಾವ ಗುಣವೂ ಅದಕ್ಕಿಲ್ಲ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ ಮಾತ್ರಕ್ಕೆ ಅದು ಹೆಚ್ಚು ಆವಿಯಾಗುವುದಿಲ್ಲ. ಸುಮಾರು 500 ಡಿಗ್ರಿ ದಾಟಿದ ಮೇಲೆ ಆವಿಯ ಪ್ರಮಾಣ ಗಣನೀಯವಾಗಿ ಏರುತ್ತದೆ. ಶಾಖವನ್ನು ಅಳೆಯುವ ವ್ಯವಸ್ಥೆಯಿಲ್ಲದ ಒಲೆಯಲ್ಲಿ, ಅದರಲ್ಲೂ ಗ್ಯಾಸ್ ಜ್ವಾಲೆಯಿಂದ ನೇರವಾಗಿ ಬೆಸೆಯುವಾಗ, ಈ ಗಡಿ ದಾಟಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಗಾಳಿಗೆ ಬಂದ ಆವಿ ಕೂಡಲೇ ತಣಿದು ಒಂದು ಮೈಕ್ರಾನ್‌ಗಿಂತಲೂ ಚಿಕ್ಕ ಆಕ್ಸೈಡ್ ಕಣಗಳಾಗುತ್ತದೆ. ಮೂಗಿಗೆ ಸುತ್ತಿಕೊಂಡ ಟವಲಿನ ನೇಯ್ಗೆಯಲ್ಲಿ ಇಂಥ ಕಣ ಸಲೀಸಾಗಿ ತೂರುತ್ತದೆ ಮತ್ತು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳಲ್ಲಿ ಕುಳಿತುಕೊಳ್ಳುತ್ತದೆ. ಅಲ್ಲಿ ಕುಳಿತದ್ದು ಬಹುಪಾಲು ರಕ್ತ ಸೇರುತ್ತದೆ. ಹೊಟ್ಟೆಯ ದಾರಿ ಇದಕ್ಕಿಂತ ನಿಧಾನದ್ದು: ವಯಸ್ಕರ ಕರುಳು ತಾನು ಕಂಡ ಸೀಸದಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಭಾಗದ ಆಸುಪಾಸನ್ನು ಹೀರುತ್ತದೆ, ಖಾಲಿ ಹೊಟ್ಟೆಯಲ್ಲಿ ಇನ್ನೂ ಹೆಚ್ಚು. ಕೆಲಸದ ನಡುವೆ ಹಚ್ಚಿದ ಬೀಡಿ, ಬಾಯಿಗೆ ಹಾಕಿಕೊಂಡ ಗುಟ್ಕಾ, ಕೈ ಸರಿಯಾಗಿ ತೊಳೆಯದೆ ತಿಂದ ಬನ್ನು, ಇವೆಲ್ಲ ಈ ಎರಡನೆಯ ದಾರಿಯ ವಾಹನಗಳು.

ರಕ್ತ ಸೇರಿದ ಸೀಸವನ್ನು ದೇಹ ಯಾಕೆ ಹೊರಗಟ್ಟುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ ರೋಗಲಕ್ಷಣಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಸೀಸದ ವಿದ್ಯುದಂಶವುಳ್ಳ ಕಣ ಆಕಾರದಲ್ಲಿಯೂ ನಡತೆಯಲ್ಲಿಯೂ ಕ್ಯಾಲ್ಸಿಯಂ ಕಣವನ್ನು ಹೋಲುತ್ತದೆ. ನರಕೋಶಗಳು ಸಂಕೇತ ಕಳಿಸುವುದು, ಸ್ನಾಯು ಸಂಕುಚಿಸುವುದು, ಮೂಳೆ ಕಟ್ಟುವುದು ಎಲ್ಲವೂ ಕ್ಯಾಲ್ಸಿಯಂನಿಂದಲೇ ನಡೆಯುವುದರಿಂದ ದೇಹದ ಮೂಲೆ ಮೂಲೆಯಲ್ಲೂ ಅದಕ್ಕಾಗಿ ಬಾಗಿಲುಗಳಿವೆ, ಮತ್ತು ಆ ಬಾಗಿಲುಗಳು ಸೀಸವನ್ನು ಮನೆಯವನೆಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತವೆ. ಕ್ಯಾಲ್ಸಿಯಂನ ಹೆಸರಿನಲ್ಲಿ ಮೂಳೆಗೆ ಹೋದ ಸೀಸ ಅಲ್ಲೇ ನೆಲೆಯೂರುತ್ತದೆ. ವಯಸ್ಕರ ದೇಹದಲ್ಲಿರುವ ಸೀಸದ ಶೇ. 90ಕ್ಕೂ ಹೆಚ್ಚು ಪಾಲು ಇರುವುದು ಮೂಳೆಯಲ್ಲಿ. ರಕ್ತದಲ್ಲಿನ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು, ಮೂಳೆಯಲ್ಲಿನದು ಅರ್ಧಕ್ಕೆ ಇಳಿಯಲು ದಶಕಗಳೇ ಬೇಕು.

ಪ್ರಮಾಣದ ವಿಷಯಕ್ಕೆ ಬಂದರೆ, ರಕ್ತಪರೀಕ್ಷೆಯ ವರದಿಯಲ್ಲಿ ಸೀಸವನ್ನು ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ, ಎಷ್ಟು ಮೈಕ್ರೋಗ್ರಾಂ ಎಂದು ನಮೂದಿಸುತ್ತಾರೆ. ಬ್ಯಾಟರಿ ಕೆಲಸಗಾರರೊಬ್ಬರ ವರದಿಯಲ್ಲಿ 40 ಎಂದು ಬಂದಿದೆ ಎಂದುಕೊಳ್ಳೋಣ. ಮೈಯಲ್ಲಿರುವ ಒಟ್ಟು ರಕ್ತ 5 ಲೀಟರ್, ಎಂದರೆ 50 ಡೆಸಿಲೀಟರ್. 40ನ್ನು 50ರಿಂದ ಗುಣಿಸಿದರೆ 2,000 ಮೈಕ್ರೋಗ್ರಾಂ, ಅಂದರೆ 2 ಮಿಲಿಗ್ರಾಂ. ಒಂದೇ ಒಂದು ರಾಗಿ ಕಾಳು ಹೆಚ್ಚು ಕಡಿಮೆ ಇಷ್ಟೇ ತೂಗುತ್ತದೆ. ಇಡೀ ರಕ್ತಪ್ರವಾಹದಲ್ಲಿ ಒಂದು ರಾಗಿ ಕಾಳಿನ ತೂಕದ ಸೀಸ ಸುತ್ತುತ್ತಿದ್ದರೆ ರಕ್ತದೊತ್ತಡ, ಮೂತ್ರಪಿಂಡ, ವೀರ್ಯ, ನೆನಪಿನ ಶಕ್ತಿ ಇವೆಲ್ಲದರ ಮೇಲೆ ಪರಿಣಾಮ ನಿರೀಕ್ಷಿಸಬೇಕಾದ ಮಟ್ಟ ಅದು. ವಿಶ್ವ ಆರೋಗ್ಯ ಸಂಸ್ಥೆ ತನ್ನ 2021ರ ಮಾರ್ಗಸೂಚಿಯಲ್ಲಿ, ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡಲ್ಲಿ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕೆಂದು ಹೇಳಿದೆ. ನಿರಪಾಯಕಾರಿ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಎಂಬುದು ಅದರ ನಿಲುವು.

ಮೊದಲ ಹೊಡೆತ ಬೀಳುವುದು ರಕ್ತ ತಯಾರಾಗುವ ಕೆಲಸದ ಮೇಲೆ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಬೇಕಾದ ಹೀಮ್ ಎಂಬ ವಸ್ತುವನ್ನು ದೇಹ ಹಲವು ಹಂತಗಳಲ್ಲಿ, ಒಂದೊಂದು ಹಂತಕ್ಕೆ ಒಂದೊಂದು ಕಿಣ್ವವನ್ನು ಬಳಸಿ ತಯಾರಿಸುತ್ತದೆ. ಅವುಗಳಲ್ಲಿ ಒಂದು ಕಿಣ್ವ ಸತುವನ್ನು ಆಧರಿಸಿ ಕೆಲಸ ಮಾಡುತ್ತದೆ. ಸೀಸ ಸತುವಿನ ಜಾಗ ಕಸಿದುಕೊಂಡು ಆ ಕಿಣ್ವವನ್ನು ನಿಲ್ಲಿಸಿಬಿಡುತ್ತದೆ. ಕೊನೆಯ ಹಂತದಲ್ಲಿ ಹೀಮ್‌ಗೆ ಕಬ್ಬಿಣ ಸೇರಿಸುವ ಮತ್ತೊಂದು ಕಿಣ್ವಕ್ಕೂ ಅಡ್ಡಿಯಾಗುತ್ತದೆ. ಪರಿಣಾಮವಾಗಿ ಕಬ್ಬಿಣವಿದ್ದೂ ರಕ್ತಹೀನತೆ ಬರುತ್ತದೆ, ಅರ್ಧಕ್ಕೆ ನಿಂತ ಕಚ್ಚಾವಸ್ತುಗಳು ರಕ್ತದಲ್ಲಿ ರಾಶಿಯಾಗುತ್ತವೆ. ಕರುಳಿನ ಸ್ನಾಯುಗಳು ಲಯ ತಪ್ಪಿ ಬಿಗಿದುಕೊಂಡಾಗ ಹೊಟ್ಟೆ ಹಿಂಡಿದಂತಹ ನೋವು ಮತ್ತು ದಿನಗಟ್ಟಲೆ ಮಲಬದ್ಧತೆ ಕಾಣಿಸಿಕೊಳ್ಳುತ್ತವೆ. ಕೈಯ ನರಗಳು ಸೋತಾಗ ಮಣಿಕಟ್ಟು ಜೋತು ಬೀಳುತ್ತದೆ. ಹೆಚ್ಚಾಗಿ ದುಡಿಯುವ ಕೈಯೇ ಮೊದಲು ಸೋಲುತ್ತದೆ ಎಂಬುದನ್ನು ಹಳೆಯ ವೈದ್ಯರು ಗಮನಿಸಿದ್ದರು. ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಮೂಡುವುದನ್ನು 1840ರಲ್ಲಿ ಇಂಗ್ಲೆಂಡಿನ ವೈದ್ಯ ಹೆನ್ರಿ ಬರ್ಟನ್ ಗುರುತಿಸಿದರು.

ಆದರೆ ಜೋತುಬಿದ್ದ ಮಣಿಕಟ್ಟು, ನೀಲಿ ಗೆರೆ ಎಲ್ಲ ತೀರಾ ಮುಂದುವರಿದ ಹಂತದ ಚಿಹ್ನೆಗಳು. ಅದಕ್ಕಿಂತ ಮುಂಚೆ ಕಾಣಿಸುವ ತಲೆನೋವು, ಸುಸ್ತು, ನಿದ್ದೆಗೆಡುವುದು, ಕೀಲುನೋವು, ಮರೆವು, ಕಾರಣವಿಲ್ಲದ ಸಿಟ್ಟು ಇವುಗಳಲ್ಲಿ ಒಂದಾದರೂ ಸೀಸದ ಹೆಸರು ಹೇಳುವುದಿಲ್ಲ. ಹೊಟ್ಟೆನೋವಿಗೆ ಗ್ಯಾಸ್ಟ್ರಿಕ್ ಮಾತ್ರೆ, ಸುಸ್ತಿಗೆ ಕಬ್ಬಿಣದ ಟಾನಿಕ್, ಏರಿದ ಬಿ.ಪಿ.ಗೆ ಇನ್ನೊಂದು ಮಾತ್ರೆ ಎಂದು ಒಂದೊಂದಕ್ಕೂ ಬೇರೆ ಬೇರೆ ಚೀಟಿ ಬರೆಯಿಸಿಕೊಂಡು ವರ್ಷಗಳೇ ಕಳೆಯಬಹುದು. ತೀವ್ರ ಹೊಟ್ಟೆನೋವನ್ನು ಅಪೆಂಡಿಸೈಟಿಸ್ ಎಂದು ಭಾವಿಸಿ ಶಸ್ತ್ರಚಿಕಿತ್ಸೆ ಮಾಡಿದ ನಿದರ್ಶನಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಸಿಟ್ಟಿನ ವಿಷಯವಂತೂ ವೈದ್ಯರವರೆಗೆ ಹೋಗುವುದೇ ಇಲ್ಲ, ಅದನ್ನು ಮನೆಯವರು ಸ್ವಭಾವವೆಂದು ಸಹಿಸಿಕೊಳ್ಳುತ್ತಾರೆ. ಇಟಲಿಯ ಬೆರ್ನಾರ್ದಿನೊ ರಾಮಾಜ್ಜಿನಿ 1700ರಲ್ಲೇ ಕುಂಬಾರರ ಕೈನಡುಕ ಮತ್ತು ಪಾರ್ಶ್ವವಾಯುವಿಗೆ ಅವರು ಮಡಕೆಗೆ ಬಳಿಯುತ್ತಿದ್ದ ಸೀಸದ ಹೊಳಪೇ ಕಾರಣವೆಂದು ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನೀವು ಮಾಡುವ ಕೆಲಸವೇನು?’ ಎಂಬುದನ್ನೂ ಸೇರಿಸಿಕೊಳ್ಳುವಂತೆ ವೈದ್ಯರಿಗೆ ಸಲಹೆ ಮಾಡಿದ್ದರು. ಮೂರು ಶತಮಾನ ಕಳೆದ ಮೇಲೂ ನಮ್ಮ ಹೊರರೋಗಿ ವಿಭಾಗದ ಚೀಟಿಯಲ್ಲಿ ಹೆಸರು, ವಯಸ್ಸು, ಲಿಂಗಕ್ಕೆ ಇರುವ ಜಾಗ ಕಸುಬಿಗೆ ಇರುವುದು ಅಪರೂಪ.

ಮೈಗೆ ಹಳೆಯ ಪರಿಚಯದವರಂತೆ ವೇಷ ಹಾಕಿಕೊಂಡು ನುಗ್ಗುವ ಈ ವಿದ್ಯೆ ಸೀಸಕ್ಕೆ ಮಾತ್ರ ಗೊತ್ತಿರುವುದಲ್ಲ. ಮ್ಯಾಂಗನೀಸ್ ಕಬ್ಬಿಣದ ದಾರಿಯಲ್ಲಿ ಮಿದುಳನ್ನು ಹೊಕ್ಕು, ಪಾರ್ಕಿನ್ಸನ್ ರೋಗವನ್ನು ಹೋಲುವ ಬಿಗಿತ ಮತ್ತು ನಡಿಗೆಯ ತೊಂದರೆಯನ್ನು ಉಂಟುಮಾಡುತ್ತದೆ. ಅದಿರು ಪುಡಿಮಾಡುವವರಲ್ಲಿ ಇದನ್ನು ಸ್ಕಾಟ್‌ಲೆಂಡಿನ ಜಾನ್ ಕೂಪರ್ 1837ರಲ್ಲಿ ವರ್ಣಿಸಿದರು. ಕ್ರೋಮ್ ಲೇಪನದ ತೊಟ್ಟಿಗಳಿಂದ ಏಳುವ ಕ್ರೋಮೇಟ್ ಹನಿಗಳು ಸಲ್ಫೇಟಿನ ಬಾಗಿಲಿನಿಂದ ಜೀವಕೋಶದೊಳಗೆ ಹೋಗುತ್ತವೆ, ಮೂಗಿನ ನಡುಗೋಡೆಯಲ್ಲಿ ತೂತು ಮಾಡುತ್ತವೆ, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ. ಪಾದರಸಕ್ಕೆ ವೇಷವೂ ಬೇಕಿಲ್ಲ, ಕೋಣೆಯ ಶಾಖಕ್ಕೇ ಆವಿಯಾಗಿ ಮಿದುಳು ಸೇರುತ್ತದೆ. 2001ರಲ್ಲಿ ಮುಚ್ಚಿದ ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ 591 ಮಾಜಿ ಕೆಲಸಗಾರರ ಜೊತೆ ಕಂಪನಿ ರಾಜಿ ಒಪ್ಪಂದ ಮಾಡಿಕೊಂಡದ್ದು 2016ರಲ್ಲಿ, ಹದಿನೈದು ವರ್ಷಗಳ ಹೋರಾಟದ ನಂತರ.

ಕ್ಯಾಡ್ಮಿಯಂ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದರ ಹೆಸರನ್ನು ನಾವೆಲ್ಲ ಗೊತ್ತಿಲ್ಲದೆಯೇ ಅಂಗಡಿ ಬೋರ್ಡುಗಳಲ್ಲಿ ಓದಿದ್ದೇವೆ. ‘ಕೆಡಿಎಂ ಒಡವೆ’ ಎಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಳಸಿದ ಒಡವೆ. ಬೆಸೆಯುವಾಗ ಕ್ಯಾಡ್ಮಿಯಂ ಆವಿಯಾಗಿ ಹಾರಿಹೋಗಿ ಒಡವೆಯಲ್ಲಿ ಚಿನ್ನದ ಶುದ್ಧತೆ ಕಾಪಾಡಿಕೊಂಡಿರುತ್ತದೆ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಕೊಳ್ಳುವವರಿಗೆ ಶುದ್ಧತೆಯ ಗುರುತಾದ ಆ ಆವಿ ಹಾರಿಹೋಗುತ್ತಿದ್ದುದು ಊದುಕೊಳವೆ ಹಿಡಿದು ಬಗ್ಗಿ ಕುಳಿತ ಅಕ್ಕಸಾಲಿಗರ ಮುಖದ ಮೇಲೆ. ಒಮ್ಮೆಗೇ ಹೆಚ್ಚು ಉಸಿರಾಡಿದರೆ ಅದು ಶ್ವಾಸಕೋಶದಲ್ಲಿ ನೀರು ತುಂಬಿಸಿ ಪ್ರಾಣಕ್ಕೇ ಎರವಾಗಬಲ್ಲದು. ಸ್ವಲ್ಪ ಸ್ವಲ್ಪವೇ ಸೇರಿದರೆ ಮೂತ್ರಪಿಂಡದಲ್ಲಿ ದಶಕಗಳ ಕಾಲ ಕುಳಿತು ಅದನ್ನು ಸವೆಸುತ್ತದೆ.

ಮತ್ತೆ ಸೀಸಕ್ಕೆ ಬರೋಣ. ಧೂಳಿನ ಕೆಲಸ ಮಾಡುವವರಿಗೆ ಬೆಲ್ಲ, ಹಾಲು, ಬಾಳೆಹಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ, ಮತ್ತು ಕೊಡುವವರಿಗೂ ತಿನ್ನುವವರಿಗೂ ಅದರ ಮೇಲೆ ನಂಬಿಕೆಯಿದೆ. ಇದರಲ್ಲಿ ಸ್ವಲ್ಪ ನಿಜವೂ ಇದೆ: ಊಟದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳಿನ ಬಾಗಿಲಲ್ಲಿ ಪೈಪೋಟಿ ಹೆಚ್ಚಿ ಸೀಸ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಆ ಲೆಕ್ಕದಲ್ಲಿ ಹಾಲಿನ ಲೋಟದಷ್ಟೇ ಬೆಳಗಿನ ರಾಗಿ ಮುದ್ದೆಯೂ ಒಳ್ಳೆಯದು, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗದಂತೆ ಅದು ತಡೆಯುತ್ತದೆ. ಆದರೆ ಉಸಿರಿನಲ್ಲಿ ಹೋದ ಸೀಸಕ್ಕೆ ಬೆಲ್ಲವೂ ಹಾಲೂ ಏನನ್ನೂ ಮಾಡಲಾರವು. ಗಾಳಿಯನ್ನು ಹೊರಗೆಳೆಯುವ ಕೊಳವೆ ಹಾಕಿಸುವ ಖರ್ಚಿನ ಬದಲು ದಿನಕ್ಕೊಂದು ಅಚ್ಚು ಬೆಲ್ಲ ಕೊಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವುದು ದಯೆಯಂತೆ ಕಾಣುವ ಉಳಿತಾಯ ಎಂದೇ ನನ್ನ ಅಭಿಪ್ರಾಯ.

ಸಂಜೆ ಕೆಲಸ ಬಿಟ್ಟ ಮೇಲೂ ಸೀಸ ಕೆಲಸಗಾರರನ್ನು ಬಿಡುವುದಿಲ್ಲ. ಅಂಗಿಯ ಮಡಿಕೆ, ತಲೆಗೂದಲು, ಚಪ್ಪಲಿ, ಬೈಕಿನ ಸೀಟು ಇವುಗಳ ಮೇಲೆ ಕುಳಿತ ಪುಡಿ ಮನೆಗೆ ಬರುತ್ತದೆ. ಮಕ್ಕಳ ಕರುಳು ವಯಸ್ಕರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರುತ್ತದೆ, ಮತ್ತು ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿ ಮರಳಿ ಸರಿಯಾಗುವುದಿಲ್ಲ. ಗರ್ಭಿಣಿಯ ಮೈಯಲ್ಲಿನ ಸೀಸ ಕರುಳಬಳ್ಳಿಯ ಮೂಲಕ ಭ್ರೂಣವನ್ನು ತಲುಪುತ್ತದೆ. ಎಂದೋ ಬಿಟ್ಟ ಕೆಲಸದ ಸೀಸವೂ ಇದರಲ್ಲಿ ಸೇರಿರಬಹುದು, ಏಕೆಂದರೆ ಮಗುವಿಗೆ ಕ್ಯಾಲ್ಸಿಯಂ ಒದಗಿಸಲು ತಾಯಿಯ ಮೂಳೆ ಕರಗುವಾಗ ಜೊತೆಗೆ ಅದೂ ಹೊರಬರುತ್ತದೆ. ಸೆನೆಗಲ್ ದೇಶದ ಡಾಕರ್ ನಗರದ ಬಳಿಯ ತಿಯಾರೊಯೆ ಎಂಬಲ್ಲಿ ಜನ ಹಳೆಯ ಬ್ಯಾಟರಿಗಳ ಸೀಸವನ್ನು ಮನೆಗಳ ನಡುವೆಯೇ ಬೇರ್ಪಡಿಸುತ್ತಿದ್ದರು. ಅಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತರು.

ಕಾನೂನು ಏನು ಹೇಳುತ್ತದೆ? ಭೋಪಾಲ್ ದುರಂತದ ನಂತರ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿ, ಎಂಟು ಗಂಟೆಯ ಪಾಳಿಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.15 ಮಿಲಿಗ್ರಾಂ ಸೀಸದವರೆಗೆ ಅನುಮತಿ ಕೊಟ್ಟಿತು. ಮೇಲಿನ ರಾಗಿ ಕಾಳಿನ ಲೆಕ್ಕವನ್ನು ಇಲ್ಲಿಗೂ ತರಬಹುದು. ಮೈಮುರಿದು ದುಡಿಯುವವರು ಒಂದು ಪಾಳಿಯಲ್ಲಿ ಉಸಿರಾಡುವ ಗಾಳಿ ಸುಮಾರು 10 ಘನ ಮೀಟರ್. ಅಂದರೆ ಮಿತಿಯೊಳಗೇ ಇರುವ ಗಾಳಿಯಲ್ಲೂ ದಿನಕ್ಕೆ 1.5 ಮಿಲಿಗ್ರಾಂ ಸೀಸ ಮೂಗಿನೊಳಗೆ ಹೋಗುತ್ತದೆ. ಅದರಲ್ಲಿ ಒಂದು ಭಾಗ ಮಾತ್ರ ಒಳಗೆ ನಿಲ್ಲುತ್ತದೆ ಎಂಬುದು ನಿಜವಾದರೂ, ಇಡೀ ರಕ್ತದಲ್ಲಿ 2 ಮಿಲಿಗ್ರಾಂ ಇದ್ದರೆ ಕಾಯಿಲೆಯ ಮಟ್ಟ ಎಂಬುದನ್ನು ನೆನೆದರೆ ಈ ಮಿತಿ ಎಷ್ಟು ಉದಾರವೆಂದು ತಿಳಿಯುತ್ತದೆ. ಅಮೆರಿಕ 1978ರಲ್ಲೇ ಇದರ ಮೂರನೇ ಒಂದು ಭಾಗವನ್ನು, 0.05 ಮಿಲಿಗ್ರಾಂ ಅನ್ನು, ಮಿತಿಯಾಗಿ ಗೊತ್ತುಮಾಡಿತು. ಅದೇ ನಿಯಮದಲ್ಲಿ ಇನ್ನೊಂದು ಅಂಶವಿದೆ: ರಕ್ತದಲ್ಲಿ ಸೀಸ ನಿಗದಿತ ಮಟ್ಟ ದಾಟಿದವರನ್ನು ಸೀಸದ ಕೆಲಸದಿಂದ ದೂರ ಇಡಬೇಕು, ಆದರೆ 18 ತಿಂಗಳವರೆಗೆ ಅವರ ಸಂಬಳಕ್ಕೂ ಹಿರಿತನಕ್ಕೂ ಧಕ್ಕೆ ಬರಬಾರದು. ನನ್ನ ದೃಷ್ಟಿಯಲ್ಲಿ ಗಾಳಿಯ ಮಿತಿಗಿಂತ ಮುಖ್ಯವಾದದ್ದು ಇದೇ. ಪರೀಕ್ಷೆಯಲ್ಲಿ ಸೀಸ ಹೆಚ್ಚು ಬಂದರೆ ಕೆಲಸ ಹೋಗುತ್ತದೆ ಎಂದಾದರೆ ಯಾವ ಗುತ್ತಿಗೆ ಕಾರ್ಮಿಕರೂ ತಾವಾಗಿ ತೋಳು ಚಾಚುವುದಿಲ್ಲ.

ನಮ್ಮಲ್ಲಿ ಸೀಸದ ನಂಜು ಅಧಿಸೂಚಿತ ರೋಗ. ಅದನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕೆಂದು ಕಾರ್ಖಾನೆ ಕಾಯ್ದೆ ಹೇಳಿತ್ತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯ ಪಟ್ಟಿಯಲ್ಲೂ ಸೀಸದ ನಂಜು ಇದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಇದನ್ನು ಕಸುಬಿನಿಂದ ಬರುವ ರೋಗವೆಂದು ಒಪ್ಪಿ ಪರಿಹಾರಕ್ಕೆ ದಾರಿ ಮಾಡಿತ್ತು. ಕೊರತೆ ಇರುವುದು ಇನ್ನೊಂದು ಕಡೆ. ಹಳೆಯ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಜನ, ಹೊಸ ಸಂಹಿತೆಯ ಪ್ರಕಾರ 20 ಜನ ಇದ್ದರೆ ಮಾತ್ರ ಅದು ‘ಕಾರ್ಖಾನೆ’. ಇಬ್ಬರು ಮೂವರು ಸೇರಿ ರಸ್ತೆಬದಿಯಲ್ಲಿ ಪ್ಲೇಟು ಬೆಸೆಯುವ ಅಂಗಡಿ ಎರಡರಲ್ಲಿ ಯಾವುದರ ಕಣ್ಣಿಗೂ ಬೀಳುವುದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ, ಔಷಧ ನುಂಗಿದರೆ ಸೀಸವೆಲ್ಲ ಹೊರಹೋಗುತ್ತದೆ ಎಂಬ ತಪ್ಪುಕಲ್ಪನೆಯಿದೆ. ಸೀಸವನ್ನು ಕಚ್ಚಿಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧಗಳು ಇವೆ. ಆದರೆ ಅವು ರಕ್ತ ಮತ್ತು ಮೆದು ಅಂಗಗಳಲ್ಲಿನ ಸೀಸವನ್ನು ತೆಗೆಯುತ್ತವೆಯೇ ಹೊರತು ಮೂಳೆಯ ದಾಸ್ತಾನನ್ನು ಅಷ್ಟಾಗಿ ಮುಟ್ಟುವುದಿಲ್ಲ, ಜೊತೆಗೆ ಮೈಗೆ ಬೇಕಾದ ಸತು ಮುಂತಾದ ಖನಿಜಗಳನ್ನೂ ಸೆಳೆದೊಯ್ಯುತ್ತವೆ. ಹಗಲು ಸೀಸ ಕರಗಿಸಿ ರಾತ್ರಿ ಔಷಧ ನುಂಗುವುದರಿಂದ ಹಾನಿಯೇ ಹೆಚ್ಚು. ಕೆಲಸದ ಜಾಗದಿಂದ ದೂರವಾಗುವುದೇ ಮೊದಲ ಚಿಕಿತ್ಸೆ. ಅಂಗಡಿಯ ಮಟ್ಟದಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ಒಣ ನೆಲ ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸೀಸದ ಪಾತ್ರೆಯನ್ನು ಕರಗುವಷ್ಟೇ ಕಾಯಿಸಿ, ಗಾಳಿ ಕೆಲಸಗಾರರ ಮುಖದ ಕಡೆಯಿಂದ ಪಾತ್ರೆಯ ಕಡೆಗೆ ಹೋಗುವಂತೆ ಫ್ಯಾನ್ ಇಡಬೇಕು. ಊಟದ ಜಾಗ ಬೇರೆಯಿರಬೇಕು, ಕೆಲಸದ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು ಮನೆಗೆ ಹೋಗಬೇಕು, ಅದನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ವೆಂಕಟೇಶ್ ತುಪ್ಪಿಲ್ ಅವರ ಪ್ರಯತ್ನದಿಂದ ಸೀಸದ ನಂಜಿಗೆಂದೇ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿ ರೂಪುಗೊಂಡಿತು, ಮತ್ತು ಸೀಸದ ನಂಜನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ 1999ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಮರುವರ್ಷ ದೇಶದ ಪೆಟ್ರೋಲಿನಿಂದ ಸೀಸ ಹೊರಹೋಯಿತು. ರಕ್ತದಲ್ಲಿ ಸೀಸ ಅಳೆಯುವ ಪರೀಕ್ಷೆ ಇಂದು ದೊಡ್ಡ ಪ್ರಯೋಗಾಲಯಗಳಲ್ಲಿ ಲಭ್ಯ. ಅದನ್ನು ಮಾಡಿಸುವಾಗ ಎರಡು ಸಂಗತಿ ಗೊತ್ತಿರಬೇಕು. ರಕ್ತದಲ್ಲಿನ ಸೀಸದ ಬಹುತೇಕ ಎಲ್ಲವೂ ಕೆಂಪು ಕಣಗಳಿಗೆ ಅಂಟಿಕೊಂಡಿರುವುದರಿಂದ ಪರೀಕ್ಷೆ ಇಡೀ ರಕ್ತದ ಮೇಲೆ ಆಗಬೇಕು, ಸೀರಂನಲ್ಲಿ ಹುಡುಕಿದರೆ ಏನೂ ತಿಳಿಯುವುದಿಲ್ಲ. ಎರಡನೆಯದಾಗಿ, ಸೂಜಿ ಚುಚ್ಚುವ ಮೊದಲು ತೋಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಚರ್ಮದ ಮೇಲಿನ ಧೂಳೇ ವರದಿಯಲ್ಲಿ ಸೇರಿಕೊಳ್ಳುತ್ತದೆ.

ವರದಿಯ ಅಂಕಿಯನ್ನು ಓದುವುದಕ್ಕೂ ಸ್ವಲ್ಪ ತಾಳ್ಮೆ ಬೇಕು. ಕೆಲಸ ಬಿಟ್ಟ ಮೊದಲ ತಿಂಗಳುಗಳಲ್ಲಿ ಅದು ಬೇಗಬೇಗನೆ ಇಳಿಯುತ್ತದೆ. ಆಮೇಲೆ ಒಂದು ಕಡೆ ನಿಂತಂತಾಗಿ, ತಿಂಗಳುಗಟ್ಟಲೆ ಅಲ್ಲೇ ಆಸುಪಾಸಿನಲ್ಲಿ ತೂಗಾಡುತ್ತದೆ. ಮತ್ತೆ ಎಲ್ಲಿ ಸೀಸ ಮುಟ್ಟಿದೆ ಎಂದು ಮನೆಯವರು ಗದರಿಸುವುದುಂಟು. ಬಹಳ ಸಲ ಕೆಲಸ ಬಿಟ್ಟವರು ಎಲ್ಲೂ ಮುಟ್ಟಿರುವುದಿಲ್ಲ. ಹತ್ತು ಹದಿನೈದು ವರ್ಷ ಮೂಳೆಯಲ್ಲಿ ಕೂಡಿಟ್ಟಿದ್ದ ಸೀಸ ಈಗ ದಿನಕ್ಕಿಷ್ಟರಂತೆ ರಕ್ತಕ್ಕೆ ಮರಳುತ್ತಿರುತ್ತದೆ.